ಒಂದು ‘ರನ್’, ಹಲವು ನುಡಿ

‘ರನ್’ ಎಂದರೆ ಓಡು ಎಂದು ಮಕ್ಕಳು ಮೊದಲ ತರಗತಿಯಲ್ಲಿಯೇ ಕಲಿಯುವರಷ್ಟೆ. ಆದರೆ ಆ ಪುಟ್ಟ ಪದಕ್ಕೆ ಕ್ರಿಯಾಪದವಾಗಿಯೇ 645 ಅರ್ಥಗಳುಂಟೆಂದು ಆಕ್ಸ್‌ಫರ್ಡ್ ನಿಘಂಟುಕಾರರು ಎಣಿಸಿದ ಸಂಗತಿಯು 2011ರಲ್ಲಿ ಪ್ರಕಟವಾಯಿತು.

ನಮ್ಮ ಬಸವನಗುಡಿಯನ್ನೇ ನೋಡೋಣ. ದೊಡ್ಡಬಸವಣ್ಣನ ಗುಡಿಯ ಬಳಿ ಹುಟ್ಟುವ ವೃಷಭಾವತಿ, ಗಾಂಧಿಬಜಾರಿನ ಅಂಗಡಿ, ನೆಗಡಿ ಹಿಡಿದ ಮಗುವಿನ ಮೂಗು, ನೆನೆಹಾಕಿದ ಸೀರೆಯ ಬಣ್ಣ, ಇವೆಲ್ಲಕ್ಕೂ ಇಂಗ್ಲಿಷಿನಲ್ಲಿ ‘ರನ್’ ಒಂದೇ ಸಾಕು. ಕನ್ನಡದಲ್ಲಿಯಾದರೋ ಹೊಳೆಯು ಹರಿಯುವುದು, ಅಂಗಡಿಯನ್ನು ನಡೆಸುವೆವು, ಮೂಗು ಸೋರುವುದು, ಸೀರೆಯು ಬಣ್ಣ ಬಿಡುವುದು. ಅಮೆರಿಕದಲ್ಲಿ ಚುನಾವಣೆಗೆ ‘ಓಡುವ’ವನು ನಮ್ಮಲ್ಲಿ ನಿಲ್ಲುವನು!

ಹಾಗೆಂದು ನಮ್ಮ ‘ಓಡು’ ಬಡಪದವಲ್ಲ. ಸಿನಿಮಾ ನೂರು ದಿನ ಓಡುವುದು. ಕಷ್ಟ ಬಂದಾಗ ತಲೆ ಓಡದು.

ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗುವು ಒಂದು ದಿನ ‘ಮೂಗು ಓಡುತ್ತಿದೆ’ ಎಂದೀತು. ನಗುವುದು ಸುಲಭ; ಆದರೆ ಹಿರಿಯರು ನಕ್ಕರೆ ಮಗುವು ನಾಚಿ ಕನ್ನಡವನ್ನೇ ಬಿಟ್ಟೀತು. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು 8 ಸಂಪುಟಗಳ ಮಹಾನಿಘಂಟನ್ನು ನಮಗೆ ಕೊಟ್ಟಿದೆ. ಆದರೂ ಯಾವುದು ಹರಿಯುವುದು, ಯಾವುದು ಸೋರುವುದು ಎಂಬ ವಿವೇಕವನ್ನು ಮಕ್ಕಳು ಕಲಿಯುವುದು ನಿಘಂಟಿನಿಂದಲ್ಲ. ಅಡಿಗೆಯ ಮನೆಯಲ್ಲಿ, ನಲ್ಲಿಯ ಬಳಿಯಲ್ಲಿ, ಹಿರಿಯರ ಮಾತಿನಿಂದ. ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಮೂಗನ್ನೊರಸುತ್ತ, ‘ಹೌದಪ್ಪ, ಸೋರುತ್ತಿದೆ’ ಎಂದುಬಿಡಿ. ಮಗುವಿಗೆ ಪದವೂ ಉಳಿಯುವುದು, ಮಾನವೂ ಉಳಿಯುವುದು.