ಒಬ್ಬರಿಗೆ ಮೂರು ಮತ

ವಿಧಾನಸಭೆಗೆ ಒಂದು ಮತ, ಲೋಕಸಭೆಗೆ ಒಂದು ಮತ. ಗ್ರಾಮ ಪಂಚಾಯಿತಿಗೆ ಮಾತ್ರ ಹಾಗಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಳ್ಳಿಗಳಲ್ಲಿ, ರಾಜ್ಯದ ಉಳಿದೆಡೆಯಂತೆಯೇ, ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ದೊಡ್ಡ ಊರಾದರೆ ಒಂದೇ ಕ್ಷೇತ್ರಕ್ಕೆ ಎರಡು, ಮೂರು ಸ್ಥಾನ. ಎಷ್ಟು ಸ್ಥಾನವೋ ಮತದಾರನಿಗೆ ಅಷ್ಟು ಮತ. ಪಕ್ಷದ ಚಿಹ್ನೆ ಇಲ್ಲ. 2020ರ ಡಿಸೆಂಬರ್‌ನಲ್ಲೂ ಇಲ್ಲಿ ಮತಪತ್ರ, ಮೊಹರು, ಪೆಟ್ಟಿಗೆಯದೇ ಚುನಾವಣೆ.

ಕೇಳಲು ಉದಾರವಾದ ಏರ್ಪಾಡು. ಆದರೆ ಲೆಕ್ಕ ಹಾಕಿ ನೋಡಿ. ಮೂರು ಸ್ಥಾನದ ಊರಿನಲ್ಲಿ ನೂರಕ್ಕೆ 55 ಮಂದಿ ಒಂದು ಕಡೆ, 45 ಮಂದಿ ಇನ್ನೊಂದು ಕಡೆ ಎಂದಿಟ್ಟುಕೊಳ್ಳೋಣ. ಒಬ್ಬ ಅಭ್ಯರ್ಥಿಗೆ ಒಂದೇ ಮತ ಹಾಕಬೇಕು. ಎಲ್ಲರೂ ತಮ್ಮ ಕಡೆಯವರಿಗೇ ಹಾಕಿದರೆ 55ರ ಗುಂಪಿಗೆ ಮೂರೂ ಸ್ಥಾನ, 45ಕ್ಕೆ ಸೊನ್ನೆ. ಮೀಸಲಾತಿ ಇದೆಯಲ್ಲ ಎನ್ನಬಹುದು. ಇದೆ, ಅದರಿಂದಲೇ ಮಹಿಳೆಯರೂ ದಲಿತರೂ ಪಂಚಾಯಿತಿಯ ಕುರ್ಚಿಯಲ್ಲಿ ಕೂರುವಂತಾಯಿತು. ಆದರೆ ದಲಿತರ ಕಾಲೊನಿಯ ಮೀಸಲು ಸ್ಥಾನಕ್ಕೆ ಯಾರು ಎಂಬುದನ್ನು ಕಾಲೊನಿಯ ಮತವಷ್ಟೇ ತೀರ್ಮಾನಿಸುವುದಿಲ್ಲ. ಇಡೀ ಊರಿನ ಮತ ತೀರ್ಮಾನಿಸುತ್ತದೆ. ತೋಟದಲ್ಲಿ ಕಾಯಿ ಸುಲಿಯುವವನ ಪ್ರತಿನಿಧಿ ತೋಟದವನಿಗೆ ಒಪ್ಪಿತನಾಗಿರಬೇಕು. ಬೀದಿದೀಪ, ಚರಂಡಿ, ಕೊಳವೆಬಾವಿ ಯಾವ ಬೀದಿಗೆ ಮೊದಲು ಎಂಬ ಮಾತು ಬಂದಾಗ ಇದರ ಬಿಸಿ ತಟ್ಟುತ್ತದೆ.

ಇದೇ ನೋವು ಸ್ವಿಟ್ಜರ್ಲೆಂಡಿಗೂ ಇತ್ತು. 1848ರಿಂದ ಅಲ್ಲಿನ ಸಂಸತ್ತಿನ ಕೆಳಮನೆಯಲ್ಲಿ ಒಂದೇ ಪಂಗಡದ್ದು ಬಹುಮತ. ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರಿಗೇ ಎಲ್ಲ ಎಂಬ ಪದ್ಧತಿ ಅದನ್ನು ಕಾಪಾಡಿತ್ತು. 1900 ಮತ್ತು 1910ರ ಜನಮತಗಣನೆಗಳಲ್ಲಿ ಸೋತ ಪ್ರಮಾಣಾನುಗುಣ ಪ್ರಾತಿನಿಧ್ಯದ ಬೇಡಿಕೆ 1918ರ ಅಕ್ಟೋಬರ್ 13ರಂದು ಗೆದ್ದಿತು. ಮರುವರ್ಷದ ಚುನಾವಣೆಯಲ್ಲಿ ಆಳುವ ರ್‍ಯಾಡಿಕಲ್ ಪಕ್ಷ 103 ಸ್ಥಾನಗಳಿಂದ 60ಕ್ಕೆ ಇಳಿಯಿತು. ರೈತರೂ ಸಮಾಜವಾದಿಗಳೂ ತಮ್ಮ ಬಲಕ್ಕೆ ತಕ್ಕಷ್ಟು ಜಾಗ ಪಡೆದರು. ಮಹಿಳೆಯರು ಮಾತ್ರ ಮತದ ಹಕ್ಕಿಗೆ 1971ರವರೆಗೆ ಕಾಯಬೇಕಾಯಿತು. ಆ ವಿಷಯದಲ್ಲಿ ನಮ್ಮ 1952ರ ಚುನಾವಣೆ ಎಷ್ಟೋ ಮುಂದಿತ್ತು.

ಅಲ್ಲಿಯೂ ಬಹುತೇಕ ಕಡೆ ಸ್ಥಾನಗಳಷ್ಟೇ ಮತ. ಆದರೆ ಮತದಾರ ಬೇಡದ ಹೆಸರು ಹೊಡೆದುಹಾಕಬಹುದು, ಬೇರೆ ಪಟ್ಟಿಯ ಹೆಸರು ಸೇರಿಸಬಹುದು, ಬೇಕಾದ ಹೆಸರನ್ನು ಎರಡು ಸಲ ಬರೆಯಬಹುದು. ಸ್ಥಾನ ಹಂಚುವುದು ಪಟ್ಟಿಗೆ ಬಿದ್ದ ಮತದ ಪ್ರಮಾಣದಲ್ಲಿ.

ನಮ್ಮಲ್ಲಿ ಪಕ್ಷದ ಪಟ್ಟಿಯೇ ಇಲ್ಲದ ಕಾರಣ ಇದನ್ನು ಹಾಗೆಯೇ ತರಲಾಗದು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮೂರು ಮತವನ್ನೂ ಒಬ್ಬರಿಗೇ ಹಾಕಲು ಬಿಟ್ಟರೆ, ಆ 45 ಮಂದಿ ಒಟ್ಟಾದಾಗ ಒಂದು ಸ್ಥಾನವನ್ನಾದರೂ ಉಳಿಸಿಕೊಳ್ಳಬಲ್ಲರು. ಬದಲಾಗಬೇಕಾದದ್ದು 1993ರ ಪಂಚಾಯತ್ ರಾಜ್ ಕಾಯ್ದೆ. ಅದನ್ನು ತಿದ್ದುವ ಅಧಿಕಾರ ವಿಧಾನಸೌಧದಲ್ಲೇ ಇದೆ.