ಕಂಪ್ಯೂಟರ್ ಲ್ಯಾಬಿನ ಸ್ವಿಚ್: ಸಿದ್ಧಪಡಿಸುವುದು ಮತ್ತು ತಂತ್ರಾಂಶ ನವೀಕರಿಸುವುದು

‘ಸ್ವಿಚ್’ ಎಂದೊಡನೆ ಒಂಬತ್ತನೆಯ ತರಗತಿಯ ಮಕ್ಕಳಿಗೆ ನೆನಪಾಗುವುದು ಗೋಡೆಯ ಮೇಲಿನ ದೀಪದ ಸ್ವಿಚ್. ಲ್ಯಾಬಿನ ಮೂಲೆಯಲ್ಲಿ ಹಸಿರು ದೀಪ ಮಿನುಗಿಸುತ್ತ, ಎಲ್ಲ ಕಂಪ್ಯೂಟರ್‌ಗಳ ಕೇಬಲ್ಲನ್ನು ಒಂದೆಡೆ ಸೇರಿಸುವ ಪೆಟ್ಟಿಗೆಗೂ ಅದೇ ಹೆಸರು. ಟಾಲ್ಪ್ ಯೋಜನೆಯಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್‌ಗಳು ಬಂದಿವೆ. ಕಚೇರಿಯಲ್ಲಿ ಮಕ್ಕಳ ವಿವರಗಳನ್ನು ಎಸ್‌ಎಟಿಎಸ್‌ಗೆ ತುಂಬುವ ಕೆಲಸವೂ ಇದೆ. ಈ ಪೆಟ್ಟಿಗೆ ನಿಂತರೆ ಲ್ಯಾಬಿನ ಪಾಠವೂ ಕಚೇರಿಯ ಕೆಲಸವೂ ನಿಲ್ಲುತ್ತವೆ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ವಿಜ್ಞಾನದ ಪ್ರಶಿಕ್ಷಣಾರ್ಥಿಗಳನ್ನು ‘ನಿಮಗೆ ಕಂಪ್ಯೂಟರ್ ಬರುತ್ತಲ್ಲ, ಸ್ವಲ್ಪ ನೋಡಿ’ ಎಂದು ಕರೆಯುವುದುಂಟು. ಹಾಗೆ ಕರೆದಾಗ ನೆನಪಿರಬೇಕಾದ ನಿಯಮ ಒಂದೇ: ಮೊದಲು ಉಳಿಸು, ಆಮೇಲೆ ಬದಲಿಸು.

ಸ್ವಿಚ್ ಮಾಡುವ ಕೆಲಸ

ಕಬಿನಿ ನಾಲೆಯ ನೀರನ್ನು ನೀರುಗಂಟಿ ಯಾವ ಗದ್ದೆಯ ಸರದಿಯೋ ಆ ಗದ್ದೆಗೆ ಬಿಡುತ್ತಾನೆ. ನಾಲೆ ಒಡೆದರೆ ನೀರು ಎಲ್ಲ ಗದ್ದೆಗೂ ನುಗ್ಗುತ್ತದೆ. ಹಿಂದೆ ಬಳಕೆಯಲ್ಲಿದ್ದ ಹಬ್ ಒಡೆದ ನಾಲೆಯಂತೆ. ಒಂದು ಕಂಪ್ಯೂಟರ್ ಕಳಿಸಿದ್ದನ್ನು ಉಳಿದ ಎಲ್ಲಕ್ಕೂ ಹರಿಸುತ್ತಿತ್ತು. ಸ್ವಿಚ್ ನೀರುಗಂಟಿಯಂತೆ. ಪ್ರತಿ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿಗೆ 48 ಬಿಟ್‌ಗಳ ಮ್ಯಾಕ್ ವಿಳಾಸವಿರುತ್ತದೆ. ಬಂದ ಮಾಹಿತಿಯಲ್ಲಿ ಕಳಿಸಿದವರ ವಿಳಾಸ ನೋಡಿ ‘ಈ ವಿಳಾಸ ಇಂಥ ಪೋರ್ಟಿನಲ್ಲಿದೆ’ ಎಂದು ಸ್ವಿಚ್ ಪಟ್ಟಿ ಮಾಡಿಕೊಳ್ಳುತ್ತದೆ. ಮುಂದಿನ ಸಲ ಆ ವಿಳಾಸಕ್ಕೆ ಬಂದದ್ದನ್ನು ಆ ಪೋರ್ಟಿಗೆ ಮಾತ್ರ ಕಳಿಸುತ್ತದೆ. ಪಟ್ಟಿಯಲ್ಲಿಲ್ಲದ ವಿಳಾಸವಾದರೆ, ಬಂದ ಪೋರ್ಟನ್ನು ಬಿಟ್ಟು ಉಳಿದೆಲ್ಲಕ್ಕೂ ಕಳಿಸುತ್ತದೆ.

ಇಷ್ಟನ್ನು ಅಗ್ಗದ ಸಾದಾ ಸ್ವಿಚ್ಚೂ ಮಾಡುತ್ತದೆ. ಮ್ಯಾನೇಜ್ಡ್ ಸ್ವಿಚ್ ಇದರ ಜೊತೆಗೆ ನಾವು ಹೇಳಿದ ಮಾತನ್ನೂ ಕೇಳುತ್ತದೆ. ಅದರೊಳಗೆ ಒಂದು ಪುಟ್ಟ ಕಂಪ್ಯೂಟರ್ ಮತ್ತು ತಂತ್ರಾಂಶವಿದೆ. ಹೇಳಬಹುದಾದ ಮಾತುಗಳಲ್ಲಿ ಶಾಲೆಗೆ ಬಹಳ ಬೇಕಾದದ್ದು ವಿಲ್ಯಾನ್, ಅಂದರೆ ಒಂದೇ ಪೆಟ್ಟಿಗೆಯನ್ನು ಎರಡು ಮೂರು ಬೇರೆ ಪೆಟ್ಟಿಗೆಗಳಂತೆ ವಿಭಾಗಿಸುವುದು. ಲ್ಯಾಬಿನ ಪೋರ್ಟುಗಳಿಗೆ ವಿಲ್ಯಾನ್ 10, ಕಚೇರಿಯ ಪೋರ್ಟುಗಳಿಗೆ ವಿಲ್ಯಾನ್ 20 ಕೊಟ್ಟರೆ, ಲ್ಯಾಬಿನಲ್ಲಿ ಕುಳಿತವರು ಮಕ್ಕಳ ಜಾತಿ, ಆದಾಯ, ಆಧಾರ್ ವಿವರಗಳಿರುವ ಕಚೇರಿಯ ಕಂಪ್ಯೂಟರನ್ನು ನೇರವಾಗಿ ಮುಟ್ಟಲಾಗದು. ಎರಡರ ನಡುವೆ ರೂಟರ್ ಇದ್ದರೆ ಅದರಲ್ಲೂ ದಾರಿ ಮುಚ್ಚಿರಬೇಕು.

ಎರಡು ಸ್ವಿಚ್‌ಗಳ ನಡುವೆ ಒಂದೇ ಕೇಬಲ್ ಇದ್ದು, ಅದರಲ್ಲಿ ಎರಡೂ ವಿಲ್ಯಾನ್‌ಗಳ ಮಾಹಿತಿ ಹೋಗಬೇಕಾದರೆ ಆ ಕೊಂಡಿಗೆ ಟ್ರಂಕ್ ಎನ್ನುತ್ತಾರೆ. ಇದಕ್ಕೆ ತಿ. ನರಸೀಪುರದ ಸಂಗಮದ ಹೋಲಿಕೆ ಕೊಡಲು ಮನಸ್ಸಾಗುತ್ತದೆ. ಆದರೆ ಕಾವೇರಿ, ಕಪಿಲೆ ಕೂಡಿದ ಮೇಲೆ ಯಾವ ನೀರು ಯಾವ ಹೊಳೆಯದೆಂದು ಬೇರೆ ಮಾಡಲಾಗದು. ಮಕ್ಕಳಿಗೆ ತಪ್ಪು ಚಿತ್ರ ಸಿಗುತ್ತದೆ. ಬಸ್ಸಿನ ಹೋಲಿಕೆ ಸರಿಹೊಂದುತ್ತದೆ. ಮೈಸೂರಿನಿಂದ ನಂಜನಗೂಡಿಗೆ ಹೋಗುವ ಬಸ್ಸೂ ಗುಂಡ್ಲುಪೇಟೆಗೆ ಹೋಗುವ ಬಸ್ಸೂ ಒಂದೇ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಓಡುತ್ತವೆ. ಯಾವುದು ಎಲ್ಲಿಗೆ ಎಂದು ತಿಳಿಸುವುದು ಮುಂದಿನ ಬೋರ್ಡು. ಟ್ರಂಕ್‌ನಲ್ಲಿ ಹೋಗುವ ಮಾಹಿತಿಗೂ ಹಾಗೆಯೇ ವಿಲ್ಯಾನ್ ಸಂಖ್ಯೆಯ ಬೋರ್ಡು ಅಂಟಿಸಲಾಗುತ್ತದೆ. ಆ ಸಂಖ್ಯೆಗೆ 12 ಬಿಟ್‌ಗಳ ಜಾಗವಿದ್ದು, 1ರಿಂದ 4094ರವರೆಗೆ ಬಳಸಬಹುದು.

ಮೊದಲ ಸಿದ್ಧತೆ

ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಯಾವ ಪೋರ್ಟಿನ ಕೇಬಲ್ ಎಲ್ಲಿಗೆ ಹೋಗಿದೆ ಎಂದು ಮೊದಲು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ನಂತರ ಲ್ಯಾಪ್‌ಟಾಪನ್ನು ಸ್ವಿಚ್ಚಿನ ಕನ್ಸೋಲ್ ಪೋರ್ಟಿಗೆ ಅದರದೇ ಕೇಬಲ್ಲಿನಿಂದ ಜೋಡಿಸಿ, ಪುಟ್ಟಿಯಂಥ ತಂತ್ರಾಂಶ ತೆರೆಯಬೇಕು. ಅನೇಕ ಸ್ವಿಚ್‌ಗಳಲ್ಲಿ ಕನ್ಸೋಲ್ ವೇಗ 9600; ಬೇರೆ ವೇಗದವೂ ಇವೆ, ಕೈಪಿಡಿ ನೋಡಬೇಕು. ಕೆಲವು ಸ್ವಿಚ್‌ಗಳಲ್ಲಿ ಬ್ರೌಸರ್ ಪುಟದಿಂದಲೇ ಈ ಕೆಲಸ ಆಗುತ್ತದೆ. ಕ್ರಮ ಹೀಗೆ:

1. ಕಂಪನಿಯಿಂದ ಬಂದ ಪಾಸ್‌ವರ್ಡ್ ಬದಲಿಸುವುದು.
2. ಸ್ವಿಚ್ಚಿಗೆ ಹೆಸರು ಮತ್ತು ಐಪಿ ವಿಳಾಸ ಕೊಡುವುದು, ಗಡಿಯಾರ ಸರಿಪಡಿಸುವುದು.
3. ದೂರದಿಂದ ನಿರ್ವಹಿಸಲು ಎಸ್‌ಎಸ್‌ಎಚ್ ತೆರೆದು ಟೆಲ್‌ನೆಟ್ ಮುಚ್ಚುವುದು. ಟೆಲ್‌ನೆಟ್‌ನಲ್ಲಿ ಪಾಸ್‌ವರ್ಡ್ ಕೂಡ ಓದಬಹುದಾದ ರೂಪದಲ್ಲೇ ಹೋಗುತ್ತದೆ.
4. ವಿಲ್ಯಾನ್‌ಗಳನ್ನು ಮಾಡಿ ಪೋರ್ಟುಗಳನ್ನು ಹಂಚುವುದು.
5. ಸ್ಪ್ಯಾನಿಂಗ್ ಟ್ರೀ ಚಾಲೂ ಇದೆಯೇ ನೋಡುವುದು. ಯಾರಾದರೂ ಒಂದೇ ಕೇಬಲ್ಲಿನ ಎರಡೂ ತುದಿಗಳನ್ನು ಅದೇ ಸ್ವಿಚ್ಚಿಗೆ ಚುಚ್ಚಿದರೆ ಮಾಹಿತಿ ಸುತ್ತಿ ಸುತ್ತಿ ಇಡೀ ಲ್ಯಾಬ್ ನಿಲ್ಲುತ್ತದೆ. ಇದು ಅದನ್ನು ತಡೆಯುತ್ತದೆ.

ಕಪ್ಪುಹಲಗೆ ಮತ್ತು ನೋಟ್ ಪುಸ್ತಕ

ಇಷ್ಟು ಮಾಡಿದರೂ ಕೆಲಸ ಮುಗಿದಿಲ್ಲ. ನಾವು ಬದಲಿಸಿದ್ದು ಸ್ವಿಚ್ಚಿನ ‘ಈಗ ನಡೆಯುತ್ತಿರುವ ಸೆಟ್ಟಿಂಗ್’. ಅದು ಕಪ್ಪುಹಲಗೆಯ ಬರಹದಂತೆ. ಕರೆಂಟ್ ಹೋದರೆ ಡಸ್ಟರ್ ಹಾಯಿಸಿದಂತೆ ಅಳಿಸಿಹೋಗುತ್ತದೆ. ಮತ್ತೆ ಚಾಲೂ ಆದಾಗ ಸ್ವಿಚ್ ಓದುವುದು ‘ಆರಂಭದ ಸೆಟ್ಟಿಂಗ್’ ಎಂಬ ನೋಟ್ ಪುಸ್ತಕವನ್ನು. ಹಲಗೆಯದನ್ನು ಪುಸ್ತಕಕ್ಕೆ ಇಳಿಸಲು ಬೇರೆಯೇ ಆಜ್ಞೆ ಬೇಕು. ಬ್ರೌಸರ್ ಪುಟದಿಂದ ನಿರ್ವಹಿಸುವ ಹಲವು ಸ್ವಿಚ್‌ಗಳಲ್ಲೂ ‘ಅಪ್ಲೈ’ ಬೇರೆ, ‘ಸೇವ್’ ಬೇರೆ. ಕರೆಂಟ್ ಹೋಗಿ ಬರುವ ಊರುಗಳಲ್ಲಿ ಈ ವ್ಯತ್ಯಾಸ ತಿಳಿಯದಿದ್ದರೆ ಒಂದು ಮಧ್ಯಾಹ್ನದ ಕೆಲಸವೆಲ್ಲ ಹೋಗುತ್ತದೆ. ಆ ಪುಸ್ತಕದ ಇನ್ನೊಂದು ಪ್ರತಿ ಸ್ವಿಚ್ಚಿನ ಹೊರಗೂ ಇರಬೇಕು. ಅದರಲ್ಲಿ ಪಾಸ್‌ವರ್ಡ್‌ನಂಥ ಗುಟ್ಟಿನ ವಿವರ ಇರಬಹುದಾದ್ದರಿಂದ, ಪೆನ್ ಡ್ರೈವಿಗೆ ಹಾಕಿ ಬೀರುವಿನಲ್ಲಿ ಬೀಗ ಹಾಕಿಡುವುದು ಒಳ್ಳೆಯದು.

ನವೀಕರಣ ಏಕೆ ಬೇಕು?

‘ನಡೆಯುತ್ತಿದೆಯಲ್ಲ, ಮುಟ್ಟಬೇಡಿ’ ಎನ್ನುವವರಿದ್ದಾರೆ. ಅವರಿಗೆ 2018ರ ಸಂಗತಿ ಹೇಳಬಹುದು. ಆ ವರ್ಷ ಮಾರ್ಚ್ 28ರಂದು ಸಿಸ್ಕೊ ಕಂಪನಿ ತನ್ನ ಸ್ವಿಚ್‌ಗಳ ‘ಸ್ಮಾರ್ಟ್ ಇನ್‌ಸ್ಟಾಲ್’ ಸೌಲಭ್ಯದಲ್ಲಿದ್ದ ಗಂಭೀರ ದೋಷವನ್ನು ಪ್ರಕಟಿಸಿ, ಸರಿಪಡಿಸಿದ ತಂತ್ರಾಂಶವನ್ನೂ ಕೊಟ್ಟಿತು. ಹೊಸ ಸ್ವಿಚ್ಚನ್ನು ದೂರದಿಂದಲೇ ಸಿದ್ಧಪಡಿಸಲು ಇದ್ದ ಆ ಸೌಲಭ್ಯ ಪಾಸ್‌ವರ್ಡ್ ಕೇಳುತ್ತಿರಲಿಲ್ಲ. ಏಪ್ರಿಲ್ ಮೊದಲ ವಾರ ಮುಗಿಯುವಷ್ಟರಲ್ಲಿ ದಾಳಿಕೋರರು ಸ್ಮಾರ್ಟ್ ಇನ್‌ಸ್ಟಾಲ್ ತೆರೆದಿದ್ದ ಸ್ವಿಚ್‌ಗಳಿಗೆ ನುಗ್ಗಿ, ಹಲವು ದೇಶಗಳಲ್ಲಿ ಅವುಗಳ ಸೆಟ್ಟಿಂಗ್ ಅಳಿಸಿದರು. ಇರಾನಿನಲ್ಲೇ ಸುಮಾರು 3,500 ಸ್ವಿಚ್‌ಗಳಿಗೆ ಪೆಟ್ಟು ಬಿತ್ತೆಂದು ಅಲ್ಲಿನ ಸರ್ಕಾರ ತಿಳಿಸಿತು. ಇದರಿಂದ ಕಲಿಯಬೇಕಾದದ್ದು ಮೂರು: ದೋಷ ಪ್ರಕಟವಾದ ಮೇಲೆ ತಡಮಾಡಬಾರದು, ಬಳಸದ ಸೌಲಭ್ಯವನ್ನು ಮುಚ್ಚಿಡಬೇಕು, ಸೆಟ್ಟಿಂಗಿನ ಪ್ರತಿ ಹೊರಗಿರಬೇಕು.

ನವೀಕರಣದ ಕ್ರಮ

ಮುನ್ನ: ಸ್ವಿಚ್ಚಿನ ಮಾದರಿ ಸಂಖ್ಯೆ ಮತ್ತು ಈಗಿರುವ ಆವೃತ್ತಿಯನ್ನು ಬರೆದುಕೊಳ್ಳಬೇಕು. ತಂತ್ರಾಂಶವನ್ನು ತಯಾರಿಸಿದ ಕಂಪನಿಯ ಜಾಲತಾಣದಿಂದಲೇ, ಅದೇ ಮಾದರಿಯದ್ದನ್ನೇ ಪಡೆಯಬೇಕು. ಜೊತೆಗಿರುವ ಟಿಪ್ಪಣಿ ಓದಬೇಕು. ಬಹಳ ಹಳೆಯ ಆವೃತ್ತಿಯಾದರೆ ನಡುವಿನ ಒಂದು ಆವೃತ್ತಿಯನ್ನು ಮೊದಲು ಹಾಕಬೇಕಾಗಬಹುದು. ಫ್ಲ್ಯಾಶ್ ಮೆಮೊರಿಯಲ್ಲಿ ಜಾಗ ಇದೆಯೇ ನೋಡಬೇಕು. ಕಂಪನಿ ಕೊಟ್ಟ ಹ್ಯಾಶ್ ಮೌಲ್ಯವನ್ನು ನಮ್ಮ ಕಡತದ ಹ್ಯಾಶ್‌ನೊಂದಿಗೆ ತಾಳೆ ನೋಡಬೇಕು. ಕಡತದ ಒಂದು ಬಿಟ್ ಬದಲಾದರೂ ಈ ಮೌಲ್ಯ ಬೇರೆಯಾಗುತ್ತದೆ.

ಆಗ: ಶಾಲೆ ಬಿಟ್ಟ ಮೇಲೆ, ಸ್ವಿಚ್ಚನ್ನೂ ಕಡತ ಕಳಿಸುವ ಕಂಪ್ಯೂಟರನ್ನೂ ಯುಪಿಎಸ್‌ಗೆ ಜೋಡಿಸಿ ಮಾಡಬೇಕು. ಫ್ಲ್ಯಾಶ್‌ಗೆ ಬರೆಯುವಾಗ ಕರೆಂಟ್ ಹೋದರೆ ಸ್ವಿಚ್ ಮತ್ತೆ ಏಳದೆ ಹೋಗಬಹುದು. ಸೆಟ್ಟಿಂಗ್ ಉಳಿಸಿ, ಹೊರಗೆ ಪ್ರತಿ ತೆಗೆದು, ಆಮೇಲೆ ಕಡತ ಕಳಿಸಬೇಕು. ಜಾಗವಿದ್ದರೆ ಹಳೆಯ ತಂತ್ರಾಂಶವನ್ನು ಅಳಿಸಬಾರದು. ಹಿಂದಿರುಗಲು ಅದೇ ದಾರಿ. ಮರುಚಾಲನೆಗೆ ಕೆಲವು ನಿಮಿಷ ಬೇಕು. ದೀಪಗಳು ನಿಂತವೆಂದು ಗಾಬರಿಯಾಗಿ ಪ್ಲಗ್ ಕೀಳಬಾರದು.

ನಂತರ: ಆವೃತ್ತಿ ಬದಲಾಗಿದೆಯೇ, ವಿಲ್ಯಾನ್‌ಗಳು ಹಾಗೆಯೇ ಇವೆಯೇ, ಲ್ಯಾಬಿನಿಂದ ಇಂಟರ್‌ನೆಟ್ ಸಿಗುತ್ತದೆಯೇ, ಲ್ಯಾಬಿನಿಂದ ಕಚೇರಿಯ ಕಂಪ್ಯೂಟರಿಗೆ ಪಿಂಗ್ ಹೋಗದೆ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ, ದಿನಾಂಕ ಹಾಕಿ ಪುಸ್ತಕದಲ್ಲಿ ಬರೆಯಬೇಕು. ಮುಂದೆ ಬರುವ ಶಿಕ್ಷಕರಿಗೆ ಅದೇ ಆಧಾರ.

ತರಗತಿಯಲ್ಲಿ

ಚಟುವಟಿಕೆ: ಆರು ಮಕ್ಕಳು ಕಂಪ್ಯೂಟರ್‌ಗಳು, ಒಬ್ಬರು ಸ್ವಿಚ್. ಚೀಟಿಗಳ ಮೇಲೆ ‘ಇಂದ’, ‘ಗೆ’ ಬರೆದು ಕಳಿಸಲಿ. ಸ್ವಿಚ್ ಆದವರು ಪಟ್ಟಿ ಮಾಡುತ್ತ ಹಂಚಲಿ. ಎರಡನೆಯ ಸುತ್ತಿನಲ್ಲಿ ಮೂವರಿಗೆ ಕೆಂಪು, ಮೂವರಿಗೆ ನೀಲಿ ಚೀಟಿ ಕೊಟ್ಟು, ಬಣ್ಣ ದಾಟಿಸಬಾರದೆಂದು ಹೇಳಿದರೆ ವಿಲ್ಯಾನ್ ಅರ್ಥವಾಗುತ್ತದೆ.

ಮೌಲ್ಯಮಾಪನ:
1. ಹಬ್ಬಿಗೂ ಸ್ವಿಚ್ಚಿಗೂ ಏನು ವ್ಯತ್ಯಾಸ?
2. ಪಟ್ಟಿಯಲ್ಲಿಲ್ಲದ ವಿಳಾಸದ ಚೀಟಿ ಬಂದಾಗ ಸ್ವಿಚ್ ಏನು ಮಾಡುತ್ತದೆ?
3. ‘ಅಪ್ಲೈ’ ಒತ್ತಿ ‘ಸೇವ್’ ಒತ್ತದೆ ಮನೆಗೆ ಹೋದರು; ರಾತ್ರಿ ಕರೆಂಟ್ ಹೋಯಿತು. ಬೆಳಿಗ್ಗೆ ಏನು ಕಾಣುತ್ತದೆ, ಏಕೆ?