ಮಸಾಲೆ ಚಹ: ರುಚಿಯ ಭೇದ, ಆರೋಗ್ಯದ ವಿವೇಕ

ಮಸಾಲೆ ಚಹವೆಂಬ ಒಂದೇ ಹೆಸರಿನಲ್ಲಿ ನಾವು ಕುಡಿಯುವುದು ಒಂದೇ ಪೇಯವನ್ನಲ್ಲ. ಶುಂಠಿ ಜಜ್ಜಿ ಹಾಕಿದ್ದು ಒಂದು ಬಗೆ, ಏಲಕ್ಕಿಯದು ಇನ್ನೊಂದು, ಅಂಗಡಿಯ ಸಿದ್ಧಪುಡಿಯದು ಮತ್ತೊಂದು. ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿರುವ ಅಗಸೂರಿನಂತಹ ಊರಿನವರಿಗೆ ಈ ಭೇದ ಸಹಜವಾಗಿಯೇ ತಿಳಿದಿರುತ್ತದೆ. ಘಟ್ಟದ ಮೇಲಿನ ಯಲ್ಲಾಪುರ, ಶಿರಸಿ ಸೀಮೆಯ ಅಡಿಕೆ ತೋಟಗಳಲ್ಲಿ ಕಾಳುಮೆಣಸು, ಏಲಕ್ಕಿ ಬೆಳೆಯುತ್ತವೆ. ಘಟ್ಟದ ಕೆಳಗೆ ಕಬ್ಬು ಮತ್ತು ಬೆಲ್ಲ. ಚಹದ ಎಲೆಯೊಂದು ಮಾತ್ರ ದೂರದಿಂದ ಬರಬೇಕು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ‘ಕರಿಮೆಣಸಿನ ರಾಣಿ’ಯೆಂದು ಕರೆದುದು ಇದೇ ಜಿಲ್ಲೆಯ ಸಂಬಾರ ಸಂಪತ್ತನ್ನು ಕಂಡು.

ಮೊದಲು ಶುಂಠಿಯ ವಿಚಾರ. ಹಸಿ ಶುಂಠಿಯ ಖಾರ ಚುರುಕಾದುದು, ಅದರೊಂದಿಗೆ ಲಿಂಬೆಯನ್ನು ನೆನಪಿಸುವ ಪರಿಮಳವೂ ಇರುತ್ತದೆ. ಕುದಿಸಿದಷ್ಟೂ ಆ ಖಾರ ಮೃದುವಾಗಿ ಸ್ವಲ್ಪ ಸಿಹಿಯತ್ತ ವಾಲುತ್ತದೆ. ಒಣಶುಂಠಿಯದು ಇದಕ್ಕೆ ವಿರುದ್ಧವಾದ ಗುಣ: ಒಣಗುವಾಗ ಅದರ ಖಾರದ ಅಂಶವೇ ಬದಲಾಗಿ ಇನ್ನಷ್ಟು ತೀಕ್ಷ್ಣವಾಗುತ್ತದೆ. ಆದುದರಿಂದ ಹಸಿಶುಂಠಿ ಹಾಕುವಷ್ಟೇ ಒಣಶುಂಠಿ ಹಾಕಿದರೆ ಗಂಟಲು ಉರಿದೀತು. ಶುಂಠಿ ಹಾಕಿದೊಡನೆ ಹಾಲು ಒಡೆಯಿತೆಂದು ಗೃಹಿಣಿಯರು ಹಾಲು ಮಾರುವವನನ್ನು ದೂರುವುದುಂಟು. ಅನೇಕ ಬಾರಿ ಪಾಪ, ಅವನದು ತಪ್ಪಿರುವುದಿಲ್ಲ. ಹಸಿ ಶುಂಠಿಯಲ್ಲಿ ಹಾಲನ್ನು ಹೆಪ್ಪುಗಟ್ಟಿಸುವ ಕಿಣ್ವವೊಂದಿದೆ. ಶುಂಠಿಯನ್ನು ಮೊದಲು ನೀರಿನಲ್ಲಿ ಚೆನ್ನಾಗಿ ಕುದಿಸಿ ಅನಂತರ ಹಾಲು ಬೆರೆಸಿದರೆ ಆ ಕಿಣ್ವ ನಿಷ್ಕ್ರಿಯವಾಗುತ್ತದೆ.

ಕಾಳುಮೆಣಸಿನ ಖಾರ ನಾಲಗೆಗಿಂತ ಹೆಚ್ಚಾಗಿ ಗಂಟಲಿನಲ್ಲಿ, ಅದೂ ತುಸು ತಡವಾಗಿ ತಿಳಿಯುತ್ತದೆ. ಅದರ ಖಾರದ ಅಂಶ ನೀರಿನಲ್ಲಿ ಸುಲಭವಾಗಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಹೀಗಾಗಿ ಮೆಣಸು ಗಟ್ಟಿ ಹಾಲಿನ ಚಹಕ್ಕೇ ಹೆಚ್ಚು ಒಪ್ಪುತ್ತದೆ. ನಾಲ್ಕು ಕಾಳು ಜಜ್ಜಿದರೆ ಎರಡು ಲೋಟಕ್ಕೆ ಸಾಕು. ಏಲಕ್ಕಿಯ ಸ್ವಭಾವವೇ ಬೇರೆ. ಅದರ ಸೊಗಸೆಲ್ಲ ಆವಿಯೊಡನೆ ಹಾರಿಹೋಗುವ ತೈಲದಲ್ಲಿದೆ; ಆರಂಭದಲ್ಲಿಯೇ ಹಾಕಿ ಹತ್ತು ನಿಮಿಷ ಕುದಿಸಿದರೆ ಪರಿಮಳ ಅಡುಗೆಮನೆಯನ್ನು ತುಂಬುತ್ತದೆಯೇ ಹೊರತು ಲೋಟವನ್ನಲ್ಲ. ಒಲೆಯಿಂದ ಇಳಿಸುವ ಮುನ್ನ ಜಜ್ಜಿ ಹಾಕಿ ಮುಚ್ಚಿಡಬೇಕು. ಮಜ್ಜಿಗೆ ಹುಲ್ಲಿಗೆ ಲಿಂಬೆಯ ಗಂಧವಿದ್ದರೂ ಹುಳಿಯಿಲ್ಲ. ನಮ್ಮ ಅಭಿಪ್ರಾಯದಲ್ಲಿ ಅದಕ್ಕೆ ಹಾಲು ಸೇರಿಸದಿರುವುದೇ ಲೇಸು. ಇನ್ನು ಸಿದ್ಧಪುಡಿಗಳಲ್ಲಿ ಲವಂಗ, ದಾಲ್ಚಿನ್ನಿಗಳು ಹೆಚ್ಚಾಗಿ ಉಳಿದ ರುಚಿಗಳೆಲ್ಲ ಅಡಗುವುದೇ ಹೆಚ್ಚು.

ಸಕ್ಕರೆಗೆ ಬದಲು ಬೆಲ್ಲ ಬಳಸುವವರು ಚಹವನ್ನು ಇಳಿಸಿದ ಬಳಿಕವೇ ಅದನ್ನು ಕರಗಿಸಬೇಕು. ಬೆಲ್ಲದಲ್ಲಿರುವ ಆಮ್ಲಾಂಶಕ್ಕೆ ಕುದಿವ ಹಾಲು ಒಡೆಯುತ್ತದೆ. ಬೆಲ್ಲದ ಚಹಕ್ಕೆ ಒಂದು ಮಣ್ಣಿನ ಸೊಗಡಿದೆ, ಅದು ಶುಂಠಿಯೊಡನೆ ಬಹಳ ಚೆನ್ನಾಗಿ ಹೊಂದುತ್ತದೆ. ಆದರೆ ಮಧುಮೇಹಿಗಳಿಗೆ ಬೆಲ್ಲವೂ ಸಕ್ಕರೆಯೇ.

ರುಚಿಯ ಮಾತು ಇಷ್ಟಾಯಿತು. ಮಸಾಲೆ ಬೆರೆತೊಡನೆ ಚಹವು ಔಷಧವಾಗಿಬಿಟ್ಟಿತೆಂಬ ನಂಬಿಕೆ ಈಗ ಬಲವಾಗುತ್ತಿರುವುದರಿಂದ ಮುಂದಿನ ಮಾತನ್ನು ಹೇಳಲೇಬೇಕಾಗಿದೆ. ಶುಂಠಿ ವಾಕರಿಕೆಯನ್ನು ತಗ್ಗಿಸುತ್ತದೆ, ಬಿಸಿ ಪೇಯ ನೆಗಡಿಯಲ್ಲಿ ಹಿತವೆನಿಸುತ್ತದೆ, ಅದು ನಿಜ. ಆದರೆ ಎಷ್ಟು ಮಸಾಲೆ ಹಾಕಿದರೂ ಚಹದ ಒಗರು ಚಹದ್ದೇ. ಆ ಒಗರಿನ ಅಂಶವು ಸೊಪ್ಪು, ಕಾಳು, ಧಾನ್ಯಗಳಲ್ಲಿರುವ ಕಬ್ಬಿಣಾಂಶಕ್ಕೆ ಅಂಟಿಕೊಂಡು, ಅದು ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಊಟದೊಡನೆ ಒಂದು ಲೋಟ ಚಹ ಕುಡಿದರೆ ಆ ಊಟದ ಕಬ್ಬಿಣಾಂಶದಲ್ಲಿ ದೇಹಕ್ಕೆ ದಕ್ಕುವ ಪಾಲು ಅರ್ಧಕ್ಕಿಂತಲೂ ಕೆಳಗಿಳಿಯಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಇದಕ್ಕೆ ಚಹವೊಂದೇ ಕಾರಣವೆಂದಲ್ಲ. ಆದರೆ ಬೆಳಗಿನ ಗಂಜಿಯ ಬದಲು ಎರಡು ಲೋಟ ಚಹ ಕುಡಿದು ಗದ್ದೆಗಿಳಿಯುವ ತಾಯಂದಿರು ಎಷ್ಟು ಮಂದಿ! ಹಸಿವನ್ನು ಮುಚ್ಚಿಡುವುದರಲ್ಲಿ ಚಹ ಬಲು ಜಾಣ. ಹಾಲು, ಸಕ್ಕರೆ, ಖಾರ ಕೂಡಿದ ಮಸಾಲೆ ಚಹವಂತೂ ಇನ್ನೂ ಜಾಣ.

ಸಕ್ಕರೆಯ ಲೆಕ್ಕವೂ ಸಣ್ಣದಲ್ಲ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ಐದು ಲೋಟವೆಂದರೆ ಸುಮಾರು 40 ಗ್ರಾಂ. ದಿನಕ್ಕೆ 25 ಗ್ರಾಂನೊಳಗಿದ್ದರೆ ಒಳಿತೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಏಲಕ್ಕಿಯ ಪರಿಮಳ ಚೆನ್ನಾಗಿ ಉಳಿದ ಚಹಕ್ಕೆ ಸಕ್ಕರೆ ಕಡಿಮೆ ಸಾಕಾಗುತ್ತದೆಂಬುದನ್ನು ನಾವು ನಮ್ಮ ಅಡುಗೆಮನೆಯಲ್ಲಿಯೇ ಕಂಡಿದ್ದೇವೆ.

ಸಂಜೆ ಚಹ ಕುಡಿದರೆ ನಿದ್ರೆ ಬಾರದವರಿಗೆ ನಮ್ಮ ಸೀಮೆಯ ಕಷಾಯವಿದೆ. ಕೊತ್ತಂಬರಿ, ಜೀರಿಗೆ, ತುಸು ಕಾಳುಮೆಣಸು, ಒಣಶುಂಠಿ ಹುರಿದು ಪುಡಿಮಾಡಿ, ನೀರಿನಲ್ಲಿ ಕುದಿಸಿ, ಇಳಿಸಿದ ಮೇಲೆ ಹಾಲು ಬೆಲ್ಲ ಬೆರೆಸಿದರಾಯಿತು. ಚಹದ ಎಲೆಯಿಲ್ಲದ ಕಾರಣ ನಿದ್ರೆಗೆಡಿಸುವ ಕೆಫೀನ್ ಇದರಲ್ಲಿಲ್ಲ. ಕೊತ್ತಂಬರಿ ಹೆಚ್ಚಿದ್ದರೆ ರುಚಿ ಸೌಮ್ಯ, ಜೀರಿಗೆ ಹೆಚ್ಚಾದರೆ ತುಸು ಕಹಿ.

ಚಹವನ್ನೇ ಬಯಸುವವರು ಊಟಕ್ಕೂ ಚಹಕ್ಕೂ ನಡುವೆ ಕನಿಷ್ಠ ಒಂದು ತಾಸು ಬಿಡಬೇಕು. ಬಸುರಿಯರು ಕಬ್ಬಿಣಾಂಶದ ಮಾತ್ರೆಯನ್ನು ಚಹದೊಡನೆ ನುಂಗದೆ, ನೀರಿನೊಡನೆ ಅಥವಾ ಲಿಂಬೆಯ ಪಾನಕದೊಡನೆ ತೆಗೆದುಕೊಳ್ಳಬೇಕು. ಲಿಂಬೆಯ ಹುಳಿ ಕಬ್ಬಿಣಾಂಶವನ್ನು ರಕ್ತಕ್ಕೆ ಸೇರಿಸಲು ನೆರವಾಗುತ್ತದೆ.